ಮಲಗಿದ್ದಾಗ ಹೊರಟುಬಿಡೋಣ ಎಂದವರಿಗೆ

ವಿದೇಶದಲ್ಲಿ ನೆಲೆಸಲು ಹೊರಟು, ಆಪ್ತಸಮಾಲೋಚನೆಗೆಂದು ನನ್ನ ಬಳಿ ಬಂದ ಒಂದು ಮನೆಯ ಕಥೆಯನ್ನು ಅವರ ಒಪ್ಪಿಗೆ ಪಡೆದು ಬರೆಯುತ್ತಿದ್ದೇನೆ. ಹೆಸರು ಹಾಕಿಲ್ಲ, ಗುರುತು ಸಿಗಬಾರದೆಂದು ಕೆಲವು ವಿವರ ಬದಲಿಸಿದ್ದೇನೆ.

ನವೆಂಬರಿನ ಒಂದು ಸಂಜೆ ಶಿವಮೊಗ್ಗದ ದಂಪತಿ ಒಂಬತ್ತು ವರ್ಷದ ಮಗನನ್ನು ಕರೆತಂದರು. ಎರಡು ತಿಂಗಳಿಂದ ಹುಡುಗ ರಾತ್ರಿ ಹಾಸಿಗೆ ಒದ್ದೆ ಮಾಡುತ್ತಿದ್ದ. ಮಕ್ಕಳ ವೈದ್ಯರು ಪರೀಕ್ಷೆ ಮಾಡಿಸಿ, ದೇಹಕ್ಕೆ ತೊಂದರೆಯಿಲ್ಲ ಎಂದು ನನ್ನ ಬಳಿ ಕಳಿಸಿದ್ದರು. ಮಾತು ಮುಗಿಯುವ ಹೊತ್ತಿಗೆ ತಂದೆ, "ಜನವರಿಗೆ ಮೆಲ್ಬರ್ನ್‌ಗೆ ಹೋಗ್ತಿದ್ದೀವಿ ಮೇಡಂ, ಪಿ.ಆರ್. ಸಿಕ್ಕಿದೆ" ಎಂದರು. ಅಂದರೆ ಆಸ್ಟ್ರೇಲಿಯಾದಲ್ಲಿ ಕಾಯಂ ನೆಲೆಸುವ ಅನುಮತಿ. ಹುಡುಗನಿಗೆ ಎರಡು ತಿಂಗಳ ರಜೆ ಎಂದು ಹೇಳಿದ್ದರು. ಅಜ್ಜಿಗೆ, ಒಂದು ವರ್ಷದ ಪ್ರಾಜೆಕ್ಟ್ ಎಂದು. ಹೊರಡುವ ರಾತ್ರಿ ಅಜ್ಜಿ ಮಲಗಿದ ಮೇಲೆ ಸದ್ದಿಲ್ಲದೆ ಕಾರು ಹತ್ತುವುದೆಂದೂ ಯೋಚಿಸಿದ್ದರು. "ಅಮ್ಮ ಅತ್ರೆ ನನಗೆ ಕಾಲು ಬರಲ್ಲ" ಎಂದರು ತಂದೆ. ಅದರಲ್ಲಿ ಕಪಟವೇನೂ ಇರಲಿಲ್ಲ, ಭಯವಿತ್ತು.

ಹುಡುಗನೊಬ್ಬನನ್ನೇ ಕೂರಿಸಿಕೊಂಡೆ. ಮೇಜಿನ ಮೇಲಿದ್ದ ಬಣ್ಣದ ಪೆನ್ಸಿಲ್‌ಗಳನ್ನು ಉದ್ದದ ಪ್ರಕಾರ ಜೋಡಿಸುತ್ತಾ ಕುಳಿತವನು ತುಂಬಾ ಹೊತ್ತಾದ ಮೇಲೆ ತಲೆಯೆತ್ತದೆ ಹೇಳಿದ: "ನಾವು ವಾಪಸ್ ಬರಲ್ಲ. ಸ್ಕೂಲಲ್ಲಿ ಟಿ.ಸಿ. ಕೇಳಿದ್ದಾರೆ. ಅಜ್ಜಿಗೆ ಹೇಳ್ಬೇಡಿ." ದಿನಾ ಅಜ್ಜಿಯ ಪಕ್ಕದಲ್ಲೇ ಮಲಗುವ ಹುಡುಗ. ದೊಡ್ಡವರು ಹೊರಬೇಕಾದ ಗುಟ್ಟನ್ನು ರಾತ್ರಿಯಿಡೀ ಅವನು ಕಾಯುತ್ತಿದ್ದ.

ಮುಂದಿನ ವಾರ ಅಜ್ಜಿಯನ್ನೂ ಕರೆತರಲು ಹೇಳಿದೆ. ಎಪ್ಪತ್ತನಾಲ್ಕರ ಹೆಂಗಸು, ನೇರ ಮಾತು. "ಒಂದು ವರ್ಷಕ್ಕೆ ಹೋಗೋರು ಫ್ರಿಜ್ ಮಾರ್ತಾರಾ ಮಗಾ? ನನಗೆ ಗೊತ್ತಿಲ್ಲ ಅಂತ ನೀನಂದ್ಕೊಂಡಿದ್ದೀಯ. ನಿನಗೆ ಬೇಜಾರಾಗ್ಬಾರದು ಅಂತ ನಾನೂ ಸುಮ್ನಿದ್ದೆ."

ನನ್ನ ಮೊದಲ ಸಲಹೆ ಅಂದೇ ಕೊಟ್ಟೆ: ಹೊರಡುವ ದಿನಾಂಕವನ್ನು ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಎಲ್ಲರಿಗೂ ಕಾಣುವಂತೆ ಗುರುತು ಮಾಡಿ. ಹುಡುಗನಿಗೆ "ಅಲ್ಲೇ ಇರಲು ಹೋಗುತ್ತಿದ್ದೇವೆ, ಅಜ್ಜಿ ಬರುತ್ತಿಲ್ಲ" ಎಂದು ಅಜ್ಜಿಯ ಎದುರಿಗೇ ಹೇಳಿ. ಮಲಗಿದವರನ್ನು ಬಿಟ್ಟು ಹೋಗುವುದು ಬೇಡವೇ ಬೇಡ. ಎದ್ದಾಗ ಮನೆ ಖಾಲಿಯಾಗಿರುತ್ತದೆ ಎಂದು ಒಮ್ಮೆ ಕಂಡವರಿಗೆ ಆಮೇಲೆ ನಿದ್ದೆಯ ಮೇಲೇ ನಂಬಿಕೆ ಹೋಗುತ್ತದೆ.

ಅಜ್ಜಿಯ ದುಃಖದ ಬಗ್ಗೆ ಸ್ವಲ್ಪ ಹೇಳಬೇಕು. ಸಾವಾದರೆ ನಮ್ಮಲ್ಲಿ ಊರೇ ಮಾತಾಡಿಸಲು ಬರುತ್ತದೆ. ಮಗ ವಿದೇಶಕ್ಕೆ ಹೊರಟರೆ ಬಂದವರೆಲ್ಲ "ಪುಣ್ಯವಂತೆ" ಎನ್ನುತ್ತಾರೆ, ತಾಯಿಯೇ ಅವರಿಗೆ ಸಿಹಿ ಕೊಡಬೇಕು. ವ್ಯಕ್ತಿ ಬದುಕಿದ್ದಾನೆ, ಫೋನಿನಲ್ಲಿ ಕಾಣುತ್ತಾನೆ, ಮನೆಯಲ್ಲಿಲ್ಲ. ಅಮೆರಿಕದ ಕುಟುಂಬ ಚಿಕಿತ್ಸಕಿ ಪಾಲಿನ್ ಬಾಸ್ 1970ರ ದಶಕದಿಂದ ಅಧ್ಯಯನ ಮಾಡಿ, ಹೀಗೆ ಮುಗಿಯಿತೆಂದೂ ಹೇಳಲಾಗದ, ಇದೆಯೆಂದೂ ಹೇಳಲಾಗದ ಅಗಲಿಕೆಗೆ 'ಅಸ್ಪಷ್ಟ ನಷ್ಟ' ಎಂಬ ಅರ್ಥದ ಹೆಸರು ಕೊಟ್ಟರು. ಮನೆಯವರಿಗೆ ನಾನು ಹೇಳಿದ್ದಿಷ್ಟೇ: ಅಮ್ಮ ಅತ್ತರೆ "ವರ್ಷಕ್ಕೊಮ್ಮೆ ಬರ್ತೀವಲ್ಲ" ಎಂದು ಬಾಯಿ ಮುಚ್ಚಿಸಬೇಡಿ. ಪಕ್ಕದಲ್ಲಿ ಕುಳಿತುಕೊಳ್ಳಿ, ಅಳಲು ಬಿಡಿ.

ಮೂರನೆಯ ಭೇಟಿಯಲ್ಲಿ ಅಸಲು ವಿಷಯ ಹೊರಬಂತು. ತೋಟದ ಪಾಲಿನ ಮಾತಿಗೆ ಹುಡುಗನ ತಂದೆಯೂ ಅವರ ತಮ್ಮನೂ ಮೂರು ವರ್ಷದಿಂದ ಮಾತು ಬಿಟ್ಟಿದ್ದರು. ಅಜ್ಜಿ ಇನ್ನು ಇರಬೇಕಾದ್ದು ಆ ತಮ್ಮನ ಮನೆಯಲ್ಲೇ. ದೇಶಾಂತರ ಹೋಗುವ ಕುಟುಂಬಗಳೊಂದಿಗೆ ಕೆಲಸ ಮಾಡಿದ ಡೇವಿಡ್ ಪೊಲಾಕ್ ಎಂಬವರು ಬೀಳ್ಕೊಡುಗೆಯನ್ನು ನಾಲ್ಕು ದಿಮ್ಮಿಗಳ ತೆಪ್ಪಕ್ಕೆ ಹೋಲಿಸಿದ್ದಾರೆ. ಮೊದಲ ದಿಮ್ಮಿ ರಾಜಿ. ಆಮೇಲೆ ಋಣ ನೆನೆಯುವುದು, ವಿದಾಯ ಹೇಳುವುದು, ಹೋಗುವ ಜಾಗದ ಬಗ್ಗೆ ಯೋಚಿಸುವುದು. ನಮ್ಮವರು ಹೆಚ್ಚಾಗಿ ನಾಲ್ಕನೆಯದರಿಂದ ಶುರು ಮಾಡುತ್ತಾರೆ, ಮೊದಲನೆಯದನ್ನು ಮುಟ್ಟುವುದೇ ಇಲ್ಲ. ಮನಸ್ತಾಪವನ್ನು ವಿಮಾನ ಹತ್ತಿಸಿಕೊಂಡು ಹೋದರೆ ದೂರ ಅದನ್ನು ಕರಗಿಸುವುದಿಲ್ಲ, ಗಟ್ಟಿ ಮಾಡುತ್ತದೆ. ಫೋನ್ ಮಾಡಬೇಡಿ, ತಮ್ಮನ ಮನೆಗೇ ಹೋಗಿ, ಪಾಲಿನ ಮಾತು ಎತ್ತದೆ ಅಮ್ಮನ ಮಾತು ಮಾತ್ರ ಆಡಿ ಬನ್ನಿ ಎಂದೆ. ಹೋದರು. ತಮ್ಮ ಕಾಫಿ ಕೊಟ್ಟರಂತೆ, ಹೆಚ್ಚು ಮಾತಾಡಲಿಲ್ಲವಂತೆ. ಮುಂದಿನ ಭೇಟಿಗೆ ಅಮ್ಮನನ್ನು ಬೈಕಿನಲ್ಲಿ ಕೂರಿಸಿಕೊಂಡು ಬಂದವರು ಆ ತಮ್ಮನೇ.

ಅಂದು ಯಾರೂ ಕೇಳದ ಪ್ರಶ್ನೆಯನ್ನು ನಾನೇ ಕೇಳಿದೆ: "ಅಮ್ಮಾ, ನಿಮ್ಮ ಕೊನೆಗಾಲದ ಬಗ್ಗೆ ಏನು ಯೋಚನೆ ಬರುತ್ತೆ?" ಇಬ್ಬರು ಮಕ್ಕಳೂ ನೆಲ ನೋಡಿದರು. ಅಜ್ಜಿಯ ಮುಖ ಮಾತ್ರ ಹಗುರಾಯಿತು. "ಇವನು ಬರೋತನಕ ನನ್ನನ್ನ ಐಸ್ ಪೆಟ್ಟಿಗೇಲಿ ಇಡಬೇಡಿ. ಚಿಕ್ಕವನು ಬೆಂಕಿ ಕೊಡ್ಲಿ. ಇವನು ಹದಿಮೂರನೇ ದಿನಕ್ಕೆ ಬಂದ್ರೆ ಸಾಕು. ಆಮೇಲೆ ಯಾರೂ ಯಾರಿಗೂ ಅನ್ನಬಾರದು." ದೊಡ್ಡ ಮಗ ಬಿಕ್ಕಿ ಅತ್ತರು. ತಮ್ಮ ಎದ್ದು ನೀರು ತಂದುಕೊಟ್ಟರು. ಈ ಮಾತು ಆಡದೆ ಹೋದ ಮನೆಗಳಲ್ಲಿ ಮಗ ಬರುವುದು ತಡವಾಗಿ, ಆ ಒಂದು ದಿನದ ನೋವು ಸಂಬಂಧವನ್ನೇ ಮುರಿದದ್ದನ್ನು ನೋಡಿದ್ದೇನೆ. ಹೊರಡುವ ಮೊದಲು ಕೇಳಿ. ಆಸ್ಪತ್ರೆಗೆ ಯಾರು ಕರೆದೊಯ್ಯುತ್ತಾರೆ, ಖರ್ಚು ಯಾರದು, ವಿಮೆಯ ಕಾಗದ, ಮಾತ್ರೆ ಚೀಟಿ ಎಲ್ಲಿವೆ ಎಂಬುದನ್ನೂ ಅಂದೇ ಬರೆದಿಡಿ. ಇವರೂ ಬರೆದಿಟ್ಟರು.

ಹುಡುಗನಿಗೆ ಬೇಕಿದ್ದದ್ದು ಅಜ್ಜಿಯ ಕಥೆ. ಅದಕ್ಕೊಂದು ಹೊತ್ತು ಗೊತ್ತು ಮಾಡಿದೆವು. ಜನವರಿಯಲ್ಲಿ ಮೆಲ್ಬರ್ನ್ ನಮಗಿಂತ ಐದೂವರೆ ಗಂಟೆ ಮುಂದೆ. ಅವನು ಮಲಗುವ ರಾತ್ರಿ ಎಂಟೂವರೆ, ಇಲ್ಲಿ ಅಜ್ಜಿ ಊಟ ಮಾಡಿ ಒರಗಿ ಏಳುವ ಮಧ್ಯಾಹ್ನ ಮೂರು. ಏಪ್ರಿಲ್‌ನ ಮೊದಲ ಭಾನುವಾರ ಅಲ್ಲಿ ಗಡಿಯಾರ ಒಂದು ಗಂಟೆ ಹಿಂದಕ್ಕೆ ಹೋಗುತ್ತದೆ, ಆಗ ಇಲ್ಲಿ ನಾಲ್ಕು. ಇದನ್ನು ಅಜ್ಜಿಗೆ ಮೊದಲೇ ಹೇಳಿಡಲು ಸೂಚಿಸಿದೆ. ಇಲ್ಲದಿದ್ದರೆ ಆ ಒಂದು ಗಂಟೆ ಅವರು ಫೋನ್ ಹಿಡಿದು ಏನೇನೋ ಯೋಚಿಸುತ್ತಾರೆ. ಉಪ್ಪಿನಕಾಯಿ, ತುಪ್ಪ ಕಟ್ಟಿಕೊಡುವ ಅಜ್ಜಿಯಂದಿರಿಗೂ ಒಂದು ಮಾತು: ಆಸ್ಟ್ರೇಲಿಯಾದಲ್ಲಿ ತಿಂಡಿತಿನಿಸನ್ನೆಲ್ಲ ಇಳಿಯುವಾಗ ಡಿಕ್ಲೇರ್ ಮಾಡಲೇಬೇಕು, ಕೆಲವನ್ನು ಬಿಡುವುದಿಲ್ಲ. ಏನು ಒಯ್ಯಬಹುದೆಂದು ಮೊದಲೇ ನೋಡಿಕೊಂಡರೆ ಅವರ ಕೈಯಡುಗೆ ಕಸದ ಡಬ್ಬಿ ಸೇರುವುದಿಲ್ಲ.

ಡಿಸೆಂಬರ್ ನಡುವಿಗೆ ಹಾಸಿಗೆ ಒದ್ದೆಯಾಗುವುದು ನಿಂತಿತು. ಹೋದ ಮೇಲೆ ನಾಲ್ಕಾರು ರಾತ್ರಿ ಮರುಕಳಿಸಿತಂತೆ. ಅದು ಸಹಜ, ಬೈಯಬೇಡಿ ಎಂದು ಮೊದಲೇ ಹೇಳಿದ್ದೆ.

ಒಂದು ತಪ್ಪು ನನ್ನಿಂದಲೂ ಆಯಿತು. ನಾಲ್ಕು ಭೇಟಿಯಲ್ಲೂ ಹುಡುಗನ ತಾಯಿ ಎಲ್ಲರ ಮಾತಿಗೂ ತಲೆಯಾಡಿಸುತ್ತಿದ್ದರು, ಅವರನ್ನು ನಾನು ಕೇಳಿಯೇ ಇರಲಿಲ್ಲ. ಕೊನೆಯಲ್ಲಿ ಕೇಳಿದಾಗ ಮೆಲ್ಲಗೆ ಹೇಳಿದರು, "ತವರು ಬಿಡೋದು ನಿನಗೇನು ಹೊಸದಾ ಅಂತಾರೆ ಮೇಡಂ. ಮದುವೆಯಾದಾಗ ದಾವಣಗೆರೆಗೆ ಮೂರು ತಾಸಿನಲ್ಲಿ ಹೋಗಬಹುದಿತ್ತು." ಪ್ಯಾಕಿಂಗ್ ಗಂಡನಿಗೆ ಬಿಟ್ಟು, ಮಗನನ್ನೂ ಬಿಟ್ಟು, ನಾಲ್ಕು ದಿನ ಒಬ್ಬರೇ ಹೋಗಿಬನ್ನಿ ಎಂದೆ. ಜನವರಿ ಮೊದಲ ವಾರ ಹೋದರು. ಅವರಮ್ಮ ತಲೆಗೆ ಎಣ್ಣೆ ಹಚ್ಚಿ, ಮಡಿಲಕ್ಕಿ ತುಂಬಿ ಕಳಿಸಿದರಂತೆ. ಆ ಅಕ್ಕಿಯನ್ನು ಸೂಟ್‌ಕೇಸಿಗೆ ಹಾಕದೆ, ಹೊರಡುವ ಹಿಂದಿನ ದಿನ ಶಿವಮೊಗ್ಗದ ಮನೆಯಲ್ಲಿ ಪಾಯಸ ಮಾಡಿ, ಮೈದುನನ ಮನೆಯವರನ್ನೂ ಕರೆದು ಬಡಿಸಿದರು.