ಕಾಯಿ ಅಟ್ಟ, ಹಗೇವು ಹೋಗೋ ಮುಂಚೆ ದಾಖಲೆ ಮಾಡೋದು ಹೇಗೆ?

ಪ್ರಶ್ನೆ: ಸರ್, ನಮ್ಮದು ತಿಪಟೂರು ಕಡೆ ಹಳ್ಳಿ. ಊರಲ್ಲಿ ಹಳೇ ದನದ ಕೊಟ್ಟಿಗೆ, ಕೊಬ್ಬರಿಗೆ ಕಾಯಿ ಹಾಕೋ ಅಟ್ಟ, ರಾಗಿ ತುಂಬಿಡೋಕೆ ನೆಲದೊಳಗೆ ತೋಡಿದ್ದ ಹಗೇವು ಎಲ್ಲಾ ಒಂದೊಂದಾಗಿ ಹೋಗ್ತಿವೆ. ನಾವು ಮೂರ್ನಾಲ್ಕು ಹುಡುಗ್ರು ಸೇರಿ ಮೊಬೈಲಲ್ಲಿ ಫೋಟೋ ತೆಗೆದಿಡೋಣ ಅಂತಿದೀವಿ, ಅಷ್ಟು ಸಾಕಾ? ಸರ್ಕಾರದಿಂದ ಇವನ್ನ ಉಳಿಸ್ಕೊಳೋಕೆ ಆಗತ್ತಾ?

ಉತ್ತರ: ಸರ್ಕಾರದ ವಿಷಯ ಮೊದಲು ಮುಗಿಸ್ಬಿಡ್ತೀನಿ. ಹಳೇದು ಅನ್ನೋ ಒಂದೇ ಕಾರಣಕ್ಕೆ ಯಾವ ಕಟ್ಟಡಕ್ಕೂ ರಕ್ಷಣೆ ಸಿಗಲ್ಲ, ನಮ್ಮ ರಾಜ್ಯದ 1961ರ ಪ್ರಾಚೀನ ಸ್ಮಾರಕಗಳ ಕಾಯ್ದೆ ಪ್ರಕಾರ ಸಂರಕ್ಷಿತ ಅಂತ ಘೋಷಣೆ ಆಗ್ಬೇಕು. ಕೊಟ್ಟಿಗೆಗೆ ಅದು ಬರತ್ತೆ ಅಂತ ಕಾಯ್ಬೇಡಿ. ಅದರ ಬದಲು ಮನೆಯವರ ಹತ್ರ, ಕೆಡವೋ ಮುಂಚೆ ಒಂದು ಫೋನ್ ಮಾಡಿ ಅಣ್ಣ ಅಂತ ಹೇಳಿಟ್ಟಿರಿ. ಕೆಡವೋ ದಿನ ಸಿಕ್ಕಿದಷ್ಟು ಮಾಹಿತಿ ಬೇರೆ ದಿನ ಸಿಗಲ್ಲ, ಗೋಡೆ ಒಳಗೆ ಏನಿತ್ತು, ತೊಲೆ ಕಂಬಕ್ಕೆ ಹೇಗೆ ಕೂತಿತ್ತು ಎಲ್ಲಾ ಬಿಚ್ಕೊಳತ್ತೆ.

ಇನ್ನು ಫೋಟೋ. ಸಾಕಾಗಲ್ಲ. ನಿಮ್ಮ ಕಾಯಿ ಅಟ್ಟಾನೇ ತಗೊಳ್ಳಿ, ತಿಪಟೂರು ಉಂಡೆ ಕೊಬ್ಬರಿ ಅಂದ್ರೆ ಸಿಪ್ಪೆ ಸಮೇತ ಕಾಯಿನ 8ರಿಂದ 12 ತಿಂಗಳು ಅಟ್ಟದ ಮೇಲೆ ಬಿಟ್ಟು, ಒಳಗಿನ ನೀರು ಬತ್ತಿ, ಕೊಬ್ಬರಿ ಚಿಪ್ಪು ಬಿಟ್ಕೊಂಡು, ಅಲ್ಲಾಡಿಸಿದ್ರೆ ಗಡಗಡ ಅನ್ನೋ ಹಾಗಾಗೋದು, ಅದಕ್ಕೇ ಅಟ್ಟದ ತಳದಲ್ಲಿ ಗಾಳಿ ಆಡೋಕೆ ಸಂದು ಬಿಟ್ಟಿರೋದು, ಅಷ್ಟು ಭಾರ ಹೊರೋಕೆ ಕಂಬ ದಪ್ಪ ಇರೋದು. ಮುಂದೆ ನಿಂತು ತೆಗೆದ ಫೋಟೋದಲ್ಲಿ ಇದು ಯಾವುದೂ ಬರಲ್ಲ. ಟೇಪ್ ಹಿಡಿದು ಆ ಸಂದು ಎಷ್ಟು, ಅಟ್ಟ ನೆಲದಿಂದ ಎಷ್ಟು ಎತ್ತರ, ಕಂಬದಿಂದ ಕಂಬಕ್ಕೆ ಎಷ್ಟು ಅಂತ ಅಳೆದು ಗ್ರಾಫ್ ಶೀಟಲ್ಲಿ ಪ್ಲಾನ್ ಒಂದು, ಅಡ್ಡ ಸೀಳಿದ ಹಾಗೆ ಇನ್ನೊಂದು ಚಿತ್ರ ಬರೀರಿ. ಹಳೇ ಮನೆಗಳು ಮೂಲೆಮಟ್ಟ ಇರೋದು ಅಪರೂಪ, ಮೂಲೆಯಿಂದ ಎದುರು ಮೂಲೆಗೂ ಅಳೀಲೇಬೇಕು. ಕೆಳಗೆ ದನ ಕಟ್ತಿದ್ರಾ, ಹೊಗೆ ಹಾಕ್ತಿದ್ರಾ, ಮರ ಯಾವುದು, ಮಳೆಗಾಲದಲ್ಲಿ ಏನ್ ಮಾಡ್ತಿದ್ರು, ಇದನ್ನ ಅಲ್ಲಿ ಕೆಲಸ ಮಾಡಿದವರೇ ಹೇಳ್ಬೇಕು. ಹಾಗಾಗಿ ಯಾವ ಕಟ್ಟಡ ಚೆನ್ನಾಗಿದೆ ಅಂತ ನೋಡ್ಬೇಡಿ, ಯಾವ ಕಟ್ಟಡದ ಬಗ್ಗೆ ಹೇಳೋರು ಇನ್ನೂ ಇದಾರೆ ನೋಡಿ, ಅಲ್ಲಿಂದ ಶುರು ಮಾಡಿ. ಯಜಮಾನರ ಜೊತೆ ಕೂಲಿಗೆ ಬರ್ತಿದ್ದವರನ್ನೂ ಕೇಳಿ, ಎಷ್ಟೋ ಸಲ ಅವರಿಗೇ ಜಾಸ್ತಿ ಗೊತ್ತಿರತ್ತೆ.

ಹಗೇವು ವಿಷಯದಲ್ಲಿ ಮಾತ್ರ ಹುಷಾರು. ಇಳೀಬೇಡಿ! ಮುಚ್ಚಿದ್ದ ಹಗೇವಲ್ಲಿ ಆಕ್ಸಿಜನ್ ಕಮ್ಮಿಯಾಗಿ ಕಾರ್ಬನ್ ಡೈಆಕ್ಸೈಡ್ ತುಂಬಿರತ್ತೆ, ಇಳಿದವರು ಸತ್ತಿರೋದೂ ಉಂಟು, ದೀಪ ಇಳಿಸಿ ನೋಡಿದ್ವಿ ಆರಲಿಲ್ಲ ಅನ್ನೋದನ್ನೂ ನಂಬ್ಕೋಬೇಡಿ. ಬಾಯಿ ಅಗಲ ಅಳೀರಿ, ದಾರಕ್ಕೆ ಕಲ್ಲು ಕಟ್ಟಿ ಆಳ ನೋಡಿ, ಉಳಿದದ್ದು ಹಿರಿಯರ ಬಾಯಿಂದ.

ಕಾಲ ಗೊತ್ತುಮಾಡೋದು ಕಷ್ಟಾನೇ. ಬಾಸೆಲ್ ಮಿಷನ್ ಮುದ್ರೆ ಇರೋ ಮಂಗಳೂರು ಹಂಚು ಸಿಕ್ಕಿದ್ರೆ ಅದು 1865ಕ್ಕಿಂತ ಹಿಂದಿನದಂತೂ ಅಲ್ಲ, ಮಂಗಳೂರಿನ ಜೆಪ್ಪುವಲ್ಲಿ ಆ ಮಿಷನ್‌ನವರ ಹಂಚಿನ ಕಾರ್ಖಾನೆ ಶುರುವಾಗಿದ್ದೇ ಆಗ. ಆದ್ರೆ ಹಂಚು ಒಂದು ಮನೆಯಿಂದ ಇನ್ನೊಂದಕ್ಕೆ ಹೋಗತ್ತೆ, ನಾಡಹಂಚು ತೆಗೆದು ಆಮೇಲೆ ಹೊದಿಸಿರೋದೂ ಇರತ್ತೆ. "ಪ್ಲೇಗ್ ಕಾಲದ್ದು" ಅಂದ್ರೆ ತಕ್ಷಣ 1898 ಅಂತ ಬರೀಬೇಡಿ, ಪ್ಲೇಗ್ ಅದಾದ್ಮೇಲೂ ಎಷ್ಟೋ ಸಲ ಬಂದಿದೆ. ಅವರು ಅಂದಿದ್ದನ್ನ ಅವರ ಮಾತಲ್ಲೇ ಬರೆದಿಡಿ.

ಇನ್ನೊಂದು, ಟೇಪ್ ಹಿಡ್ಕೊಂಡು ಹೋದ್ರೆ ಅರ್ಧ ಊರು ಸರ್ವೆಯವರು ಬಂದ್ರು ಅಂದ್ಕೊಳತ್ತೆ, ಅಣ್ಣತಮ್ಮಂದಿರ ಭಾಗದ ಜಗಳ ಇರೋ ಮನೇಲಂತೂ ಕೇಳೋದೇ ಬೇಡ. ಎಲ್ಲಾ ಪಾಲುದಾರರಿಗೂ ಮೊದಲೇ ಹೇಳಿ, ಬರೆದಿದ್ದರ ಒಂದು ಪ್ರಿಂಟ್ ಅವರ ಕೈಗೂ ಕೊಡಿ, ಇನ್ನೊಂದು ಊರಿನ ಲೈಬ್ರರಿಗೋ ಶಾಲೆಗೋ ಕೊಟ್ಟಿಡಿ. ಬರೀ ವಾಟ್ಸಾಪ್ ಗ್ರೂಪಲ್ಲಿ ಬಿಟ್ರೆ ಫೋನ್ ಬದಲಾಯಿಸಿದ ದಿನ ಹೋಯ್ತು ಅಂತ್ಲೇ ತಿಳ್ಕೊಳ್ಳಿ.