ವಿಕಿರಣ ತ್ಯಾಜ್ಯ ಇಟ್ಟ ಜಾಗದ ಸುತ್ತ ಏನನ್ನು ಅಳೆಯುತ್ತಾರೆ?

ನಿಮ್ಮ ಪ್ರಶ್ನೆ: ಮೀಟರ್ ತೋರಿಸುವ ವಿಕಿರಣ ತ್ಯಾಜ್ಯದ್ದೋ ನೆಲದ್ದೋ ಅಂತ ಹೇಗೆ ಗೊತ್ತಾಗುತ್ತೆ?

ಬರೀ ಮೀಟರ್ ನೋಡಿದರೆ ಗೊತ್ತಾಗಲ್ಲ. ಅದೇ ಮೀಟರನ್ನು ನಮ್ಮ ಚಾಮುಂಡಿ ಬೆಟ್ಟಕ್ಕೆ ಒಯ್ದರೂ ಟಿಕ್ ಟಿಕ್ ಅನ್ನುತ್ತದೆ. ಅಲ್ಲಿನ ಗ್ರಾನೈಟಿನಲ್ಲಿ ವಿಕಿರಣ ಸೂಸುವ ಯುರೇನಿಯಂ, ಥೋರಿಯಂ, ಪೊಟ್ಯಾಸಿಯಂ ಮೊದಲಿಂದಲೂ ಇವೆ. ಜಗತ್ತಿನ ಸರಾಸರಿ ಮನುಷ್ಯನಿಗೆ ಪ್ರಕೃತಿಯಿಂದಲೇ ವರ್ಷಕ್ಕೆ ಸುಮಾರು 2.4 ಮಿಲಿಸೀವರ್ಟ್ (ಮೈಗೆ ತಗಲುವ ವಿಕಿರಣದ ಅಳತೆ) ಸಿಗುತ್ತದೆ. ಅದಕ್ಕೇ ತ್ಯಾಜ್ಯ ತರುವ ಮುಂಚೆಯೇ ಆ ಜಾಗದ ಮಣ್ಣು, ನೀರು, ಹುಲ್ಲು, ಹಾಲು ಎಲ್ಲವನ್ನೂ ಅಳೆದು ಬರೆದಿಡಬೇಕು. ಆ ಹಳೇ ಲೆಕ್ಕ ಇಲ್ಲದಿದ್ದರೆ ಆಮೇಲೆ ಬರೀ ಜಗಳವೇ.

ನನ್ನ ಪ್ರಕಾರ ಎಲ್ಲಕ್ಕಿಂತ ಮುಖ್ಯ ಸುತ್ತಲಿನ ಕೊಳವೆಬಾವಿಗಳು. ಸೋರಿಕೆ ಆದರೆ ತ್ಯಾಜ್ಯದಲ್ಲಿನ ಟ್ರಿಟಿಯಂ (ವಿಕಿರಣ ಸೂಸುವ ಹೈಡ್ರೋಜನ್) ನೀರಿನ ಜೊತೆಗೇ ಹರಿದು ಮೊದಲು ಸಿಕ್ಕಿಬೀಳುತ್ತದೆ. ತ್ಯಾಜ್ಯದಲ್ಲಿರುವ ಇನ್ನೊಂದು ವಿಕಿರಣ ವಸ್ತು ಸೀಸಿಯಂ-137 ಜೇಡಿಮಣ್ಣಿಗೆ ಗಟ್ಟಿಯಾಗಿ ಅಂಟಿಕೊಳ್ಳುವುದರಿಂದ ನಿಧಾನ. ಅಂಥದ್ದೇ ಮತ್ತೊಂದು, ಸ್ಟ್ರಾನ್ಷಿಯಂ-90, ಕ್ಯಾಲ್ಸಿಯಂ ಥರ ವರ್ತಿಸುತ್ತದೆ. ಹುಲ್ಲಿನಿಂದ ಹಸುವಿಗೆ, ಅಲ್ಲಿಂದ ಹಾಲಿಗೆ. ಹಾಲನ್ನು ಯಾಕೆ ಪರೀಕ್ಷಿಸುತ್ತಾರೆ ಅನ್ನುವುದಕ್ಕೆ ಇದೂ ಒಂದು ಕಾರಣ.

ಯಾವ ವಸ್ತುವಿನ ವಿಕಿರಣ ಅಂತ ಹೇಳುವುದು ಗಾಮಾ ಸ್ಪೆಕ್ಟ್ರೋಮೀಟರ್, ಅಂದರೆ ಗಾಮಾ ಕಿರಣಗಳನ್ನು ಅವುಗಳ ಶಕ್ತಿಯ ಪ್ರಕಾರ ಬೇರ್ಪಡಿಸಿ ತೋರಿಸುವ ಯಂತ್ರ. ಸೀಸಿಯಂ 662 ಕಿಲೋ ಎಲೆಕ್ಟ್ರಾನ್ ವೋಲ್ಟ್‌ನಲ್ಲಿ (ಇದು ಕಿರಣದ ಶಕ್ತಿಯ ಅಳತೆ) ಗುರುತು ಬಿಡುತ್ತದೆ, ನೆಲದಲ್ಲಿ ಸಹಜವಾಗಿರುವ ಪೊಟ್ಯಾಸಿಯಂ-40 ಬಿಡುವುದು 1461ರಲ್ಲಿ. ಒಂದು ತೊಡಕಿದೆ: ಹಳೆಯ ಅಣುಬಾಂಬ್ ಪರೀಕ್ಷೆಗಳ ಸೀಸಿಯಂ ಜಗತ್ತಿನ ಎಲ್ಲ ಕಡೆ ಚೂರುಪಾರು ಇದ್ದೇ ಇದೆ. ಸೀಸಿಯಂ ಸಿಕ್ಕಿತು ಅಂದಕೂಡಲೇ ಸೋರಿಕೆ ಅನ್ನುವ ಹಾಗಿಲ್ಲ, ದೂರದ ಊರಿನ ಮಣ್ಣಿನ ಜೊತೆ ಹೋಲಿಸಿ ನೋಡಬೇಕು.

ಬೇಲಿಯ ಸುತ್ತ ಟಿಎಲ್‌ಡಿ ಬಿಲ್ಲೆಗಳನ್ನೂ (ತಗಲಿದ ವಿಕಿರಣವನ್ನು ಕೂಡಿಟ್ಟುಕೊಳ್ಳುವ ಸಣ್ಣ ಅಳತೆ ಬಿಲ್ಲೆಗಳು) ನೇತುಹಾಕಿರುತ್ತಾರೆ, ಸಾಮಾನ್ಯವಾಗಿ ಮೂರು ತಿಂಗಳಿಗೊಮ್ಮೆ ತೆಗೆದು ಓದುತ್ತಾರೆ. ನಮ್ಮ ದೇಶದಲ್ಲಿ ಇಂಥ ಸ್ಥಾವರಗಳಿಂದ ಸಾರ್ವಜನಿಕರಿಗೆ ಹೆಚ್ಚುವರಿಯಾಗಿ ತಗಲಬಹುದಾದ ಮಿತಿ ವರ್ಷಕ್ಕೆ 1 ಮಿಲಿಸೀವರ್ಟ್.