ಹನ್ನೆರಡು ಹೊಳೆಗಳ ಜಿಲ್ಲೆಯಲ್ಲಿ ನೀರಿಲ್ಲವೇ?

ಇಷ್ಟು ಮಳೆ ಬೀಳುವ ಕಾಸರಗೋಡಿನವರು ನೀರಿಲ್ಲ ಅಂದರೆ ನಂಬುವುದು ಹೇಗೆ ಎಂದು ಕೇಳಿದ್ದೀರಿ. ಎಪ್ರಿಲ್‌ನಲ್ಲಿ ಒಮ್ಮೆ ಬನ್ನಿ ಮಾರಾಯ್ರೆ. ಕೇರಳದ 44 ಹೊಳೆಗಳಲ್ಲಿ ಹನ್ನೆರಡು ನಮ್ಮ ಜಿಲ್ಲೆಯವೇ. ವರ್ಷಕ್ಕೆ 3000 ಮಿ.ಮೀ.ಗೂ ಮಿಕ್ಕಿ ಮಳೆ. ಆದರೆ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ ಒಳಗೆ ಸುರಿದು ಮುಗಿಯುತ್ತದೆ. ಗುಡ್ಡೆಗೂ ಕಡಲಿಗೂ ದೂರ ಕಡಿಮೆ, ಇಳಿಜಾರು ಜಾಸ್ತಿ. ಇಲ್ಲಿನ ನೆಲದ ತೂತು ತೂತಾದ ಕೆಂಪು ಮುರಕಲ್ಲು ನೀರನ್ನು ಎಷ್ಟು ಬೇಗ ಕುಡಿಯುತ್ತದೋ ಅಷ್ಟೇ ಬೇಗ ಬಿಟ್ಟೂ ಬಿಡುತ್ತದೆ.

ಇದಕ್ಕೆ ಹಿರಿಯರು ಕಂಡುಕೊಂಡ ದಾರಿ ಕಟ್ಟ. ಮಳೆ ನಿಂತು ತೋಡಿನ, ಅಂದರೆ ಸಣ್ಣ ಹೊಳೆಯ, ಹರಿವು ಸಣ್ಣಗಾದ ಮೇಲೆ ಎರಡೂ ದಡದ ಅಡಿಕೆ ಕೃಷಿಕರು ಸೇರಿ ಕಲ್ಲು, ಮಣ್ಣು, ಅಡಿಕೆ ಮರದ ಕಾಂಡ ಹಾಕಿ ಅಡ್ಡಕಟ್ಟುತ್ತಿದ್ದರು. ಈಗ ಪ್ಲಾಸ್ಟಿಕ್ ಹಾಳೆ, ಮರಳಿನ ಚೀಲವೂ ಬಂದಿವೆ. ಒಂದೇ ತೋಡಿಗೆ ಸಾಲಾಗಿ ಕಟ್ಟಗಳಾದರೆ ಕೆಳಗಿನ ಕಟ್ಟದ ನೀರು ಮೇಲಿನದರ ಬುಡಕ್ಕೆ ಮುಟ್ಟುತ್ತದೆ, ಆಚೀಚೆಯ ಬಾವಿಗಳೂ ಏರುತ್ತವೆ. ಏತಡ್ಕದ ಕಟ್ಟಗಳು ಇದಕ್ಕೇ ಹೆಸರಾಗಿವೆ. ಬಾಯಾರು, ಪೈವಳಿಕೆ ಕಡೆ ಗುಡ್ಡೆಗೆ ಅಡ್ಡಲಾಗಿ ಕೊರೆದ ಸುರಂಗಗಳಿವೆ. ಪಂಪು ಬೇಡ, ನೀರು ತಾನಾಗಿ ಹರಿದು ಬರುತ್ತದೆ. ಗಡಿಯ ಆಚೆ ಅಡ್ಯನಡ್ಕದ ಅಮೈ ಮಹಾಲಿಂಗ ನಾಯ್ಕರಿಗೆ 2022ರಲ್ಲಿ ಪದ್ಮಶ್ರೀ ಬಂದದ್ದು ಇಂಥ ಸುರಂಗ ಕೊರೆದೇ.

ಇವನ್ನೆಲ್ಲ ಹಿಂದೆ ತಳ್ಳಿದ್ದು ಬೋರು. 2020ರ ಅಂತರ್ಜಲ ಲೆಕ್ಕದಲ್ಲಿ ಕಾಸರಗೋಡು ಬ್ಲಾಕ್ ‘ಕ್ರಿಟಿಕಲ್’ ಪಟ್ಟಿಯಲ್ಲಿತ್ತು, ಅಂದರೆ ವರ್ಷದಲ್ಲಿ ನೆಲಕ್ಕೆ ಇಂಗುವಷ್ಟು ನೀರನ್ನು ಹೆಚ್ಚುಕಡಿಮೆ ಪೂರ್ತಿ ಮೇಲೆತ್ತುತ್ತಿದ್ದರು. ಅಂತರ್ಜಲ ನಿಯಂತ್ರಣಕ್ಕೆ ಕೇರಳದಲ್ಲಿ 2002ರ ಕಾನೂನೇ ಇದೆ. ಆದರೂ ಬೇಸಗೆ ಬಂತೆಂದರೆ ಬೋರು ಕೊರೆಯುವ ಲಾರಿಗೆ ಬಿಡುವಿಲ್ಲ.

ಸರಕಾರ ಏನೂ ಮಾಡಿಲ್ಲ ಎನ್ನಲಾರೆ. 2016ರಲ್ಲಿ ಶುರುವಾದ ಹರಿತ ಕೇರಳಂ ಮಿಷನ್ ತೋಡು ಶುಚಿ ಮಾಡಿಸಿದೆ, ಪಂಚಾಯತಿನ ಜೊತೆ ಸೇರಿ ತಾತ್ಕಾಲಿಕ ಕಟ್ಟಗಳನ್ನೂ ಹಾಕಿಸಿದೆ. ನನಗೆ ಹಿಡಿಸಿದ್ದು ಇದೇ: ಊರವರಿಗೆ ಮೊದಲೇ ಗೊತ್ತಿರುವ ಕೆಲಸಕ್ಕೆ ಸರಕಾರ ಕೈ ಸೇರಿಸುವುದು. ಕಾಂಕ್ರೀಟಿನ ವೆಂಟೆಡ್ ಡ್ಯಾಮ್‌ಗಳ, ಅಂದರೆ ಹಲಗೆ ಇಳಿಸಿ ಕಿಂಡಿ ಮುಚ್ಚುವ ಅಣೆಕಟ್ಟುಗಳ, ಕತೆ ಬೇರೆ. ಹೊತ್ತಿಗೆ ಸರಿಯಾಗಿ ಹಲಗೆ ಇಳಿಸುವವರು, ಮಳೆಗೆ ಮೊದಲು ಎತ್ತುವವರು ಇಲ್ಲದಿದ್ದರೆ ಅಲ್ಲಿ ನಿಲ್ಲುವುದು ಹೂಳು ಮಾತ್ರ. ಕಟ್ಟಲು ಹಣ ಬರುತ್ತದೆ, ಹಲಗೆ ಇಳಿಸುವವನ ಕೂಲಿಯನ್ನು ಯಾರೂ ಬರೆದಿಟ್ಟಿರುವುದಿಲ್ಲ.

ಕಾಸರಗೋಡು ಪಟ್ಟಣದ ಮಟ್ಟಿಗೆ ಬಾವಿಕ್ಕೆರೆಯಲ್ಲಿ ಪಯಸ್ವಿನಿ ಹೊಳೆಗೆ ಹಾಕಿದ ರೆಗ್ಯುಲೇಟರ್, ಅಂದರೆ ಉಪ್ಪುನೀರು ತಡೆಯುವ ಬಾಗಿಲಿನ ಅಡ್ಡಕಟ್ಟು, ದೊಡ್ಡ ಕೆಲಸವೇ ಸರಿ. ಅದು ಮುಗಿಯಲು ಬಹಳ ಕಾಲ ಹಿಡಿಯಿತು. ಅಲ್ಲಿಯವರೆಗೆ ಬೇಸಗೆಯಲ್ಲಿ ಉಬ್ಬರದ ಉಪ್ಪುನೀರು ಮೇಲೇರಿ ನಳ್ಳಿಯಲ್ಲೇ ಬರುತ್ತಿತ್ತು. ಆ ಪಯಸ್ವಿನಿ ಕೊಡಗಿನ ಬೆಟ್ಟದಿಂದ ಇಳಿದು ಸುಳ್ಯ ದಾಟಿ ನಮ್ಮಲ್ಲಿಗೆ ಬರುವಂಥದ್ದು. ಮೇಲಿನ ನೀರಿನ ಕಡತ ಬೆಂಗಳೂರಿನಲ್ಲಿ, ಕೆಳಗಿನದ್ದು ತಿರುವನಂತಪುರದಲ್ಲಿ. ಕರ್ನಾಟಕ ನಿಮಗೇನು ಮಾಡಬಹುದು ಎಂದು ಕೇಳಿದ್ದಿರಲ್ಲ, ಈ ಎರಡು ಕಡತಗಳನ್ನು ಒಂದೇ ಮೇಜಿಗೆ ತರಿಸಿದರೆ ಸಾಕು.